ಅಪ್ಪನ ಅಂಗಿಯ ಕಿಸೆ

ಹೊಲಿಗೆ ಯಂತ್ರದ ಎಣ್ಣೆಯ ವಾಸನೆ ಬಂದರೆ ಈಗಲೂ ನನಗೆ ಕುಳಿತಲ್ಲಿ ಕೂರಲಾಗುವುದಿಲ್ಲ.

ಕಟಕೋಳದ ಮನೆಯಲ್ಲಿ ಆ ಮಧ್ಯಾಹ್ನ ಅವ್ವ ಅಪ್ಪನ ಅಂಗಿಯನ್ನು ನನ್ನ ಅಳತೆಗೆ ಕತ್ತರಿಸಲು ಹಾಸಿದ್ದಳು. ದುಡಿಯಲು ಗೋವಾಕ್ಕೆ ಹೋಗಿದ್ದ ಅಪ್ಪ ಎರಡು ಯುಗಾದಿ ಕಳೆದರೂ ಬಂದಿರಲಿಲ್ಲ. ನಾನು ದಿನಾ ಸಂಜೆ ಬಸ್ಸು ಕಾಯುತ್ತಿದ್ದೆ.

"ಕತ್ರಿ ಹಚ್ಚಬ್ಯಾಡ. ಅಂವ ಬಂದ್ರ ಏನ್ ಹಾಕ್ಕೋತಾನ?" ಅಂದಳು ಅಜ್ಜಿ.

"ಮೊದಲ ಬರ್ಲಿ ತಗೋರಿ ಅತ್ತಿ, ಹೊಸಾದು ಹೊಲದು ಕೊಡ್ತೇನಿ," ಎಂದು ಅವ್ವ ಕತ್ತರಿ ಆಡಿಸಿದಳು.

ಕಿಸೆ ಬಿಚ್ಚಿದಾಗ ಅದರ ಕೆಳಗೆ ಬಣ್ಣ ಮಾಸದೆ ಉಳಿದ ಕಡುನೀಲಿ ಚೌಕ ಕಂಡಿತು. ಹಸಿರಿತ್ತೇನೋ, ನನ್ನ ನೆನಪನ್ನು ನಾನು ನಂಬುವುದಿಲ್ಲ. ಅವ್ವ ಅದರ ಮೇಲೆಯೇ ನನ್ನ ಪುಟ್ಟ ಕಿಸೆ ಹೊಲಿದಳು. ಸುತ್ತ ಕಡುಬಣ್ಣದ ಅಂಚು ಉಳಿಯಿತು.

ಸಂಜೆ ಆ ಅಂಗಿ ತೊಟ್ಟೇ ಬಸ್ ಸ್ಟ್ಯಾಂಡಿಗೆ ಹೋದೆ. ಬಸ್ಸು ನಿಂತಾಗ ಕಿಸೆಯನ್ನು ಅಂಗೈಯಿಂದ ಮುಚ್ಚಿಕೊಂಡು, ಇಳಿಯುವವರಲ್ಲಿ ಅಪ್ಪ ಇರದಿರಲಿ ಎಂದು ಮೊದಲ ಸಲ ಬೇಡಿಕೊಂಡೆ.