ಮೇಸ್ತ್ರಿಯ ವಿಧೇಯತೆ

ಬ್ರೆಡ್ ಕಾರ್ಖಾನೆಯ ಮೇಸ್ತ್ರಿ ಆ ಭಾನುವಾರ ಮತ್ತೆ ಪಶ್ಚಾತ್ತಾಪಪಟ್ಟ. ಆ ವರ್ಷದಲ್ಲಿ ಅದು ನಾಲ್ಕನೆಯ ಸಲ. ಆರಾಧನೆಯ ನಡುವೆ ಮೊಣಕಾಲೂರಿ, ತನ್ನಂಥ ಪಾಪಿ ಭೂಮಿಯ ಮೇಲೆ ಇನ್ನೊಬ್ಬನಿಲ್ಲ ಎಂದು ಗೋಳಾಡಿದ. ಕರ್ತನು ಕರೆದರೆ ಕಾಡಿಗಾದರೂ ಸರಿ, ಕಡಲಾಚೆಗಾದರೂ ಸರಿ, ಹೊರಡಲು ಸಿದ್ಧ ಎಂದ. ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು. ಅಳುವುದರಲ್ಲಿ ಅವನನ್ನು ಮೀರಿಸುವವರು ಆ ಸಭೆಯಲ್ಲಿರಲಿಲ್ಲ.

ಆರಾಧನೆ ಮುಗಿದ ಮೇಲೆ ಪಾಸ್ಟರು ಅವನನ್ನು ಬದಿಗೆ ಕರೆದು, ಅಷ್ಟು ದೂರ ಯಾಕೆ, ಹಿಂದಿನ ಬೀದಿಗೆ ಹೋಗಿಬಂದರೆ ಸಾಕು ಎಂದರು. ಮೇಸ್ತ್ರಿಯ ಕಣ್ಣೀರು ತಟ್ಟನೆ ಆರಿತು.

ಹಿಂದಿನ ಬೀದಿಯಲ್ಲಿದ್ದವಳು ಕಾರ್ಖಾನೆಯ ಹಿಟ್ಟು ನಾದುವ ಯಂತ್ರಕ್ಕೆ ಎರಡು ಬೆರಳು ಕೊಟ್ಟವಳು. ಕೆಲಸ ಬೇಗ ಸಾಗಲೆಂದು ಯಂತ್ರದ ಮುಚ್ಚಳ ಬಿಚ್ಚಿಟ್ಟಿದ್ದವನು ಮೇಸ್ತ್ರಿ. ಅವಳೇ ಬಿಚ್ಚಿದಳೆಂದು ಮಾಲೀಕರಿಗೆ ಬರೆದುಕೊಟ್ಟು, ಗೂಬೆಯನ್ನು ಅವಳ ತಲೆಯ ಮೇಲೆ ಕೂರಿಸಿ ಕೈ ತೊಳೆದುಕೊಂಡವನೂ ಅವನೇ. ಬೆರಳಿನ ಹಿಂದೆಯೇ ಅವಳ ಕೆಲಸವೂ ಹೋಗಿತ್ತು. ಇದನ್ನೆಲ್ಲ ಪಾಸ್ಟರ ಕಿವಿಯಲ್ಲಿ ಒಮ್ಮೆ ಹೇಳಿ ಅವನು ಹಗುರಾಗಿದ್ದ. ಅವರು ನೆನಪಿಟ್ಟುಕೊಳ್ಳುತ್ತಾರೆಂದು ಎಣಿಸಿರಲಿಲ್ಲ.

ಹೋದಾಗ ಅವಳು ಎಡಗೈಯಲ್ಲಿ ಯಾರದೋ ಮನೆಯ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಕುರ್ಚಿ ಎಳೆದುಕೊಟ್ಟಳು. ಮೇಸ್ತ್ರಿ ಗಂಟಲು ಸರಿಮಾಡಿಕೊಂಡು, ತನ್ನಿಂದ ಏನಾದರೂ ನೋವಾಗಿದ್ದರೆ ಕ್ಷಮಿಸಬೇಕು ಎಂದ. ಆ "ಏನಾದರೂ" ಕೇಳಿ ಅವಳು ಒಮ್ಮೆ ತನ್ನ ಬಲಗೈ ನೋಡಿಕೊಂಡಳು.

"ನಾನು ಕ್ಷಮಿಸಿ ಬಹಳ ದಿನ ಆಯ್ತು. ಈಗ ಮಾಲೀಕರ ಮನೆಗೆ ಬನ್ನಿ. ಮುಚ್ಚಳ ಬಿಚ್ಚಿದ್ದು ಯಾರು ಅಂತ ಅಷ್ಟು ಹೇಳಿ. ಪ್ಯಾಕಿಂಗ್ ಕೆಲಸಕ್ಕೆ ಎಂಟು ಬೆರಳು ಸಾಕು."

ಮೇಸ್ತ್ರಿಗೆ ಬಾಯಲ್ಲಿ ಬಿಸಿತುಪ್ಪ ಬಿದ್ದಂತಾಯಿತು. "ಅದಕ್ಕೆ ದೇವರ ಚಿತ್ತ ಏನು ಅಂತ ತಿಳೀಬೇಕಮ್ಮ," ಎಂದ.

"ಕೇಳಿ ನೋಡಿ. ನಾನು ಕಾಯ್ತೀನಿ."

ಕಣ್ಣು ಮುಚ್ಚಿದ. ಇಂಥ ವಿಷಯಗಳಲ್ಲಿ ದೇವರು ತಿಂಗಳುಗಟ್ಟಲೆ ಸುಮ್ಮನಿರುವುದು ಅವನ ಅನುಭವ. ಆ ಧೈರ್ಯದಿಂದಲೇ ಕೇಳಿದ್ದ. ಆದರೆ ಈ ಸಲ ಉತ್ತರಕ್ಕೆ ತಡವಾಗಲಿಲ್ಲ. ಹೆಂಡತಿ ಅಡುಗೆಮನೆಯಿಂದ ಕೂಗಿದಷ್ಟು ಸ್ಪಷ್ಟವಾಗಿ, ಎದೆಯೊಳಗೆ ಒಂದೇ ಮಾತು: ಹೋಗು.

"ಏನಂದ?" ಎಂದಳು ಅವಳು.

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಈಗತಾನೇ ಪಶ್ಚಾತ್ತಾಪಪಟ್ಟವನು. "ಹೋಗು ಅಂದ."

ಅವಳು ಇಸ್ತ್ರಿಪೆಟ್ಟಿಗೆ ಆರಿಸಿ, ಚಪ್ಪಲಿ ಹುಡುಕಲು ಅವಸರದಲ್ಲಿ ಒಳಗೆ ಹೋದಳು. ಮೇಸ್ತ್ರಿ ಎದ್ದು ಬೀದಿಗಿಳಿದ. ಎಡಕ್ಕೆ ಮಾಲೀಕರ ಮನೆ, ಬಲಕ್ಕೆ ಅವನ ಮನೆ. ಎಲ್ಲಿಗೆ ಎಂದು ದೇವರು ಬಿಡಿಸಿ ಹೇಳಿರಲಿಲ್ಲವಲ್ಲ. ಬಲಕ್ಕೆ ತಿರುಗಿದ.

"ಆ ಕಡೆ ಅಲ್ಲ, ಮೇಸ್ತ್ರಿ," ಎಂಬ ದನಿ ಹಿಂದಿನಿಂದ ಕೇಳಿಸಿತು. ಅವನು ಹೆಜ್ಜೆ ಚುರುಕು ಮಾಡಿದ.

ಮರುವಾರ ಸಭೆಯ ಮುಂದೆ ನಿಂತು ವಿಧೇಯತೆಯ ಬಗ್ಗೆ ಸಾಕ್ಷಿ ಹೇಳಿದ. ದೇವರು ಹೋಗು ಎಂದ ಕೂಡಲೇ ಒಂದು ಲೋಟ ನೀರಿಗೂ ನಿಲ್ಲದೆ ಎದ್ದು ಹೋದೆ ಎಂದ. ಪಾಸ್ಟರು ಅವನನ್ನು ತಬ್ಬಿಕೊಂಡರು, ಸಭೆಯೆಲ್ಲ ಆಮೆನ್ ಎಂದಿತು. ಅವನ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.