ಸತ್ತ ಟಗರು ಎದ್ದು ಬಂದಿದ್ದು

ಮರಾಠಿ ಗಡಿಯ ಉಮರ್ಗಾದ ಸಂತ್ಯಾಗ ಹೊಸ ಕಂಬಳಿ ಮೂಸಿದ್ರ ಸಾಕು, ಆ ಹುಣಸಿಬೀಜದ ಗಂಜಿ ವಾಸನಿಗೆ ಇವತ್ತಿಗೂ ನನಗ ಸಣ್ಣಂದಿನಾಗ ಓದಿದ ಪುಸ್ತಕದ ಐದನೇ ಭಾಗ ನೆನಪಾಗಿ ಹೇಸಿಗಿ ಬರ್ತದ.

ಅದು ಮಕ್ಕಳ ಮಾಯಾಕಥಿ, ಮರಾಠಿ ಪುಸ್ತಕ. ಅದರಾಗ ಹಾರೋ ಕರಿ ಟಗರೊಂದು ಹುಡುಗೂರ್ನ ಮೋಡದ ಆಚಿ ಒಯ್ತಿತ್ತು. ನಾಲ್ಕನೇ ಭಾಗದಾಗ ಅದು ಸತ್ತಾಗ, ನಾ ಕನ್ನಡದಾಗ ಹೇಳಿದ್ದು ಕೇಳಿ ಅಜ್ಜಿ ಅತ್ತಿದ್ದಳು. ಕುಲದೇವರು ಬೀರಪ್ಪನ ಹೆಸರಿಗೆ ಬಿಟ್ಟ ಟಗರು ಸತ್ರ ನಮ್ಮಲ್ಲಿ ಕೊಯ್ಯೋದಿಲ್ಲ, ಅರಿಷಿಣದ ಭಂಡಾರ ಹಚ್ಚಿ ಮಣ್ಣು ಮಾಡ್ತಾರ. ಅಜ್ಜಿ ಆ ಪುಟಕ್ಕೂ ಭಂಡಾರ ಹಚ್ಚಿ ಕೈ ಮುಗಿದಿದ್ದಳು.

ಐದನೇ ಭಾಗ ಬಂತು. ಮರಾಠಿ ಸಾಲ್ಯಾಗ ಎಲ್ಲರೂ "ಲಯ್ ಭಾರಿ", ಭಾಳ ಚಲೋ ಅದ ಅಂದ್ರು. ಮಧ್ಯಾಹ್ನ ಅಂಗಳದಾಗ ಅಜ್ಜಿ, ಅವ್ವ ಹೊಸ ಕಂಬಳಿ ಬಿರುಸಾಗ್ಲಿ ಅಂತ ಅದಕ್ಕ ಗಂಜಿ ತಿಕ್ಕಲತ್ತಿದ್ರು. ನಾ ಓದಿ ಹೇಳಿದೆ: ಒಬ್ಬ ರಾಣಿ ಸತ್ತ ಟಗರಿನ ಮೂಗಿನಾಗ ಉಸಿರು ಊದಿದಳು, ಅದು ಮೈ ಝಾಡಿಸಿ ಎದ್ದು ನಿಂತಿತು.

"ಥೂ!" ಅಜ್ಜಿ ಕೈಯಾಗಿನ ಕುಂಚ ಒಗೆದಳು. "ಮಣ್ಣು ಮಾಡಿದ್ದನ್ನ ಅಗದು ಕುಣಸ್ತಾನಲ್ಲ, ಬರದಂವಗ ನಾಚಿಕಿಲ್ಲೇನು? ನನ್ನ ಕಣ್ಣೀರು ಫುಕಟದ್ದು ಅಂದ್ಕೊಂಡಾನೇನು?"

ನನಗೂ ಬಾಯಾಗ ನೊಣ ಹೋದಂಗಾತು. ಆ ಟಗರಿಗಾಗಿ ನಾನೂ ಉಣ್ಣದೇ ಅತ್ತಿದ್ದೆ. "ಹೊಲಸು ಪುಸ್ತಕ" ಅಂತ ಪಟ್ಟನೆ ಮುಚ್ಚಿದೆ.

ಹಿಂದಿನ ಚಳಿಗಾಲದಾಗ ನನ್ನ ತಮ್ಮನ್ನ ಹೊಲದಾಗ ಮಣ್ಣು ಮಾಡಿ ಬಂದಮ್ಯಾಲ ಅವ್ವನ ಮಾತೇ ಕಡಿಮಿ ಆಗಿತ್ತು. ಅಂಟು ಕೈ ಸೀರಿಗೆ ಒರೆಸಿಕೊಂಡು ನನ್ನ ಕಡಿ ಸರಿದಳು.

"ಆ ರಾಣಿ ಊದಿದ್ದು... ಅದಷ್ಟು ಇನ್ನೊಮ್ಮಿ ಓದು."