ಲಲ್ಲಾ ರಹ್ಮಾ ಇನ್ನಿಲ್ಲ

ಮಂಗಳವಾರ ಬೆಳಿಗ್ಗೆ, ಝೈತೂನ್ ಓಣಿಯ ತುದಿಯಲ್ಲಿ, ಪುರಸಭೆಯವರು ಲಲ್ಲಾ ರಹ್ಮಾಳ ಕತೆ ಮುಗಿಸಿದರು. ಅವಳನ್ನು ಬಿದ್ದಲ್ಲೇ ಬಿಟ್ಟು ಚಹಾ ಕುಡಿಯಲು ಹೋದರು.

ಬುಧವಾರ ಶಾಮಾ ಇಷ್ಟನ್ನೇ ಬರೆದು 'ಕಂದೀಲು' ಪತ್ರಿಕೆಯ ಸಂಪಾದಕ ಸಿ ತಿಹಾಮಿಯ ಮೇಜಿನ ಮೇಲಿಟ್ಟಳು. ಅವಳು ಕೆಲಸಕ್ಕೆ ಹೊಸಬಳು. ಹುಟ್ಟಿ ಬೆಳೆದದ್ದು ಅದೇ ಓಣಿಯಲ್ಲಿ.

ಸಿ ತಿಹಾಮಿ ಓದಿದ. ಪುದೀನ ಚಹಾ ಗುಟುಕರಿಸಿದ. ಕೆಂಪು ಪೆನ್ನು ತೆರೆದ.

"ಸುದ್ದಿ ಅಂದ್ರೆ ಹೀಗಿರ್ಬೇಕು ಮಗಳೇ. ಯಾರು, ಏನು, ಎಲ್ಲಿ, ಯಾವಾಗ, ಎಲ್ಲಾ ಮೊದಲನೇ ಸಾಲಲ್ಲೇ ಬಂದ್ಬಿಟ್ಟಿದೆ. ಅದೇ ತೊಂದರೆ." ಪುರಸಭೆ ಎಂಬ ಪದವನ್ನು ಹೊಡೆದುಹಾಕಿದ. "'ಯಾರು' ಬೇಡ."

"'ಯಾರು' ಇಲ್ದೆ ಸುದ್ದಿ ಹೇಗಾಗುತ್ತೆ, ಸಿ ತಿಹಾಮಿ?"

"ಆಗಲ್ಲ. ಅದಕ್ಕೇ ಹಾಕಲ್ಲ. ಪುರಸಭೆ ಅಧಿಕಾರಿಗೆ ಫೋನ್ ಮಾಡಿದ್ದೆ. ಅಲ್ಲಿ ಯಾರೂ ಸತ್ತಿಲ್ಲ ಅಂದ್ರು."

"ಓಣಿಗೆ ಬಂದು ಹೇಳ್ಲಿ ಆ ಮಾತು."

"ಬರ್ತಾರೆ. ನಾಳೆ ಬೆಳಿಗ್ಗೆ. ಉಳಿದದ್ದನ್ನೂ ಎತ್ತಿಸಿಕೊಂಡು ಹೋಗೋಕೆ."

ಲಲ್ಲಾ ರಹ್ಮಾ ಬಿದ್ದಲ್ಲೇ ಇರುವವರೆಗೆ ಆ ಜಾಗ ಅವಳದು. ಎತ್ತಿಕೊಂಡು ಹೋದರೆ ಅಂಥವಳೊಬ್ಬಳಿದ್ದಳು ಎಂಬುದಕ್ಕೂ ಗುರುತು ಉಳಿಯದು. ಅಲ್ಲಿ ಹೊಸ ಹೋಟೆಲಿನ ಕಾರುಗಳು ನಿಲ್ಲುತ್ತವೆ.

ಶಾಮಾ ಮತ್ತೆ ಕೂತು ನುಡಿಚಿತ್ರ ಬರೆದಳು. ಓಣಿಯಲ್ಲಿ ಎಲ್ಲರಿಗಿಂತ ಮೊದಲು ಏಳುತ್ತಿದ್ದವಳು ಲಲ್ಲಾ ರಹ್ಮಾ. ಅವಳು ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ. ಹತ್ತಿರ ಹೋದರೆ ಮುಖಕ್ಕೇ ಉರಿಯುತ್ತಿದ್ದಳು, ಆದರೆ ಯಾವ ಮಗುವನ್ನೂ ಬರಿಗೈಲಿ ಕಳಿಸಿದವಳಲ್ಲ. ಯಾವ ಮನೆಯಲ್ಲಿ ಮದುವೆ, ಯಾವ ಮನೆಯಲ್ಲಿ ಉಪವಾಸ, ಅವಳಿಗೆ ಮೊದಲು ತಿಳಿಯುತ್ತಿತ್ತು. ಮುದುಕ ಬಾ ಅಲ್ಲಾಲ್ ಹರೆಯದಿಂದಲೂ ಅವಳ ಮಗ್ಗುಲು ಬಿಟ್ಟವನಲ್ಲ. ಅವನ ಹುಬ್ಬು ಸುಟ್ಟುಹೋದದ್ದೇ ಅವಳ ಸಿಟ್ಟಿಗೆ ಎಂದು ಓಣಿಯೆಲ್ಲ ನಗುತ್ತಿತ್ತು.

ಸಿ ತಿಹಾಮಿಯ ಕಣ್ಣು ತೇವವಾಯಿತು. ಆ ತೇವದಲ್ಲೇ ಅಡ್ಡಗೀಟು ಎಳೆದ. "ನುಡಿಚಿತ್ರ ಓದಿದವನು ಕೊನೇಲಿ 'ಅಯ್ಯೋ, ಆಮೇಲೆ?' ಅಂತಾನೆ. ನನಗೆ ಆ 'ಆಮೇಲೆ' ಬೇಡ."

"ಸಂಪಾದಕೀಯ?"

"ಅದು ಪತ್ರಿಕೆಯ ಅಭಿಪ್ರಾಯ. ಈ ವಾರ ಪತ್ರಿಕೆಗೆ ಅಭಿಪ್ರಾಯ ಇಲ್ಲ."

"ಹೋದ ವಾರ ಇತ್ತಾ?"

"ಇತ್ತು. ಕಿತ್ತಳೆ ಹಣ್ಣು ಆರೋಗ್ಯಕ್ಕೆ ಒಳ್ಳೇದು ಅಂತ."

"ಓದುಗರ ಪತ್ರ?"

"ಸಹಿ ಬೇಕು. ಸಹಿ ಮಾಡಿದವನ ಅಂಗಡಿ ಪರವಾನಗಿ ಮಾರನೇ ದಿನ ಕಚೇರೀಲಿ ಕಳೆದುಹೋಗುತ್ತೆ."

"ಹಾಗಾದ್ರೆ ಇನ್ನೇನು ಉಳೀತು?"

ಸಿ ತಿಹಾಮಿ ಪೆನ್ನಿನ ಮುಚ್ಚಳ ಹಾಕಿದ. ಕಿಟಕಿಯಾಚೆ ಏನೋ ಕಂಡವನ ಹಾಗೆ ಆ ಕಡೆ ತಿರುಗಿ ಕೂತ.

"ಶೋಕವಾರ್ತೆ ಒಂದನ್ನ ನಾನು ನೋಡಲ್ಲ. ಮನೆಯವರು ಸಹಿ ಹಾಕಿದ್ರೆ ನೇರ ಅಚ್ಚಿಗೆ ಹೋಗುತ್ತೆ. ಅಳೋರ ವ್ಯಾಕರಣ ತಿದ್ದೋ ಪದ್ಧತಿ ನಮ್ಮಲ್ಲಿಲ್ಲ."

ಬಾ ಅಲ್ಲಾಲ್ ಮಸಿ ಹಿಡಿದ ಬೆರಳುಗಳಲ್ಲೇ ಸಹಿ ಮಾಡಿದ. ಗುರುವಾರದ ಪತ್ರಿಕೆಯಲ್ಲಿ, ಕಪ್ಪು ಚೌಕಟ್ಟಿನೊಳಗೆ, ಹೀಗಿತ್ತು:

"ಝೈತೂನ್ ಓಣಿಯ ಹಿರಿಯಳು, ಸಕಲ ಮನೆಗಳ ಹೊಟ್ಟೆ ತುಂಬಿಸಿದ ಲಲ್ಲಾ ರಹ್ಮಾ ಮಂಗಳವಾರ ಬೆಳಿಗ್ಗೆ ಪುರಸಭೆಯವರ ಸಮ್ಮುಖದಲ್ಲಿ ನಮ್ಮನ್ನಗಲಿದರು. ಕೊನೆಯ ಗಳಿಗೆಯವರೆಗೂ ಮೈ ಬಿಸಿಯಾಗಿಯೇ ಇತ್ತು. ಸಂಗಾತಿ ಬಾ ಅಲ್ಲಾಲ್ ಹಾಗೂ ಎಣಿಸಲಾರದಷ್ಟು ಮಕ್ಕಳು ದುಃಖದಲ್ಲಿದ್ದಾರೆ. ಬಿದ್ದ ಜಾಗದಲ್ಲೇ ಡೇರೆ ಹಾಕಲಾಗಿದೆ. ಬಂಧುಗಳು ಬರಬೇಕು."

ಬಂಧುಗಳು ಬಂದರು. ಸಾವಿನ ಮನೆಗೆ ಒಯ್ಯುವ, ನೀಲಿ ಕಾಗದ ಸುತ್ತಿದ ಸಕ್ಕರೆ ಗಟ್ಟಿಗಳನ್ನು ಕಂಕುಳಲ್ಲಿಟ್ಟುಕೊಂಡು ಊರಿಗೆ ಊರೇ ಬಂತು. ಓಣಿಯಲ್ಲಿ ಯಾರೂ ಅಡಿಗೆ ಮಾಡಿರಲಿಲ್ಲ. ಪಕ್ಕದ ಓಣಿಯವರು ರೊಟ್ಟಿ ಹೊತ್ತು ತಂದರು. ಸಾವಿನ ಡೇರೆ ಎದ್ದ ಮೇಲೆ ಮೂರು ದಿನ ಅದನ್ನು ಎಂಥ ದೊಡ್ಡ ಮನುಷ್ಯನೂ ಮುಟ್ಟುವುದಿಲ್ಲ. ಮೊದಲ ಸಾಲಿನಲ್ಲಿ ಗಾರೆ ಕೆಲಸದವರು ಕರಣೆ ಹಿಡಿದೇ ಕೂತಿದ್ದರು. ಬಿದ್ದವಳನ್ನು ಎತ್ತಿ ನಿಲ್ಲಿಸಲು ಮೂರು ದಿನ ಅವರಿಗೆ ಧಾರಾಳವಾಗಿತ್ತು.

ಅಧಿಕಾರಿ ಬಂದಾಗ ಶಾಮಾ ಬಾ ಅಲ್ಲಾಲನ ಪಕ್ಕದಲ್ಲಿ ನಿಂತಿದ್ದಳು. ಅಧಿಕಾರಿಯ ಹಿಂದೆ ಪುರಸಭೆಯ ಹಳದಿ ಗಾಡಿ. ಅದನ್ನು ಓಡಿಸುವ ಮುಲೂದ್ ಡೇರೆ ಕಂಡದ್ದೇ ಎಂಜಿನ್ ಆರಿಸಿದ. ಕೆಳಗಿಳಿದು ಟೋಪಿ ತೆಗೆದ. ಶಾಮಾ ಅವನ ಕೈಗೆ ಪತ್ರಿಕೆ ಕೊಟ್ಟಳು. ಅವನು ನಿಧಾನವಾಗಿ ಓದಿದ.

"ಏನು ನಿಂತ್ಬಿಟ್ಟೆ? ನುಗ್ಗಿಸು," ಎಂದ ಅಧಿಕಾರಿ.

"ಸಾವಿನ ಮನೆ, ಸಾಹೇಬ್ರೆ."

"ಯಾರೂ ಸತ್ತಿಲ್ಲ ಅಂತ ನಿನ್ನೆಯಿಂದ ಬಡಕೋತಾ ಇದ್ದೀನಿ."

"ಪೇಪರಲ್ಲಿದೆಯಲ್ಲ. ನಿಮ್ಮ ಸಮ್ಮುಖದಲ್ಲೇ ಅಂತ."

"ನಿನ್ನ ತಲೆ. ಲಲ್ಲಾ ರಹ್ಮಾ ಅನ್ನೋದು ಓಣಿಯವರ ರೊಟ್ಟಿ ಬೇಯಿಸೋ ಭಟ್ಟಿ ಕಣಯ್ಯ. ಇಟ್ಟಿಗೆ, ಮಣ್ಣು. ಮಂಗಳವಾರ ನೀನೇ ತಾನೆ ಕೆಡವಿದ್ದು?"

ಮುಲೂದ್ ಗಾಡಿಯ ಕೀಲಿಯನ್ನು ಅಧಿಕಾರಿಯ ಅಂಗೈಯಲ್ಲಿಟ್ಟು, ಡೇರೆಯಲ್ಲಿ ಖಾಲಿ ಕುರ್ಚಿ ಹುಡುಕುತ್ತ ಹೇಳಿದ: "ಮಂಗಳವಾರ ಭಟ್ಟಿ ಆಗಿದ್ಳು, ಕೆಡವಿದೆ, ಇವತ್ತು ತೀರಿಕೊಂಡಿದ್ದಾಳೆ ಸಾಹೇಬ್ರೆ, ನಾನು ಮುಟ್ಟಲ್ಲ."